ತುದಿ ಮುಚ್ಚಿದ ತೆನೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಮನಾಬಾದಿನಲ್ಲಿ ಮೆಕ್ಕೆಜೋಳದ ತಳಿ ವಿಜ್ಞಾನಿಯಾಗಿದ್ದೆ. ನನ್ನ ವೈರಿ ಒಂದು ಹಸಿರು ಬೂಸ್ಟು. ಅದು ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ತಿಂದ ಕೋಳಿ ಸಾಯುತ್ತದೆ, ಮನುಷ್ಯರ ಲಿವರ್ ಕೆಡುತ್ತದೆ. ಕುದಿಸಿದರೂ ಆ ಪಿಡುಗು ತೊಲಗುವುದಿಲ್ಲ.

ಹುಳು ಕೊರೆದ ತೆರೆದ ತುದಿಯೇ ಬೂಸ್ಟಿಗೆ ಬಾಗಿಲು. ಹಾಗಾಗಿ ತುದಿಯವರೆಗೂ ಸಿಪ್ಪೆ ಬಿಗಿಯಾಗಿ ಮುಚ್ಚಿದ ತೆನೆಗಳನ್ನು ಆರಿಸಿ, ಸಿರಿಂಜಿನಿಂದ ಬೂಸ್ಟು ಚುಚ್ಚಿ, ತಡೆದುಕೊಂಡವುಗಳ ಬೀಜವನ್ನಷ್ಟೇ ಮತ್ತೆ ಬಿತ್ತುತ್ತಿದ್ದೆ. ಇದನ್ನು ಕಂಡ ಪಕ್ಕದ ಹಳ್ಳಿ ದುಬಲಗುಂಡಿಯವರು ನನಗೆ ‘ತೆನಿ ಡಾಕ್ಟರ್’ ಎಂದು ಹೆಸರಿಟ್ಟರು.

ಹಲವು ಹಂಗಾಮುಗಳ ಬಳಿಕ ಒಂದು ತಳಿ ಗೆದ್ದಿತು. ಬಸವಕಲ್ಯಾಣದ ಕಡೆಯ ಮೋರಖಂಡಿಯಲ್ಲಿ ರೈತ ಶಿವರಾಜಪ್ಪನವರ ಹೊಲದಲ್ಲಿ ಬೆಳೆಸಿದೆ. ಸುಲಿಯಲು ಹೆಣ್ಣಾಳುಗಳು ಬಂದರು. ಅವರ ಮುಂದಾಳು ಭೀಮಬಾಯಿ ನಾಲ್ಕು ತೆನೆ ಸುಲಿದು, ಐದನೆಯದನ್ನು ನನ್ನ ಕಾಲ ಬಳಿ ಒಗೆದರು.

“ಡಾಕ್ಟರ್ ಸಾಬ್, ಇದು ತೆನಿ ಏನ್ರಿ, ತಿಜೋರಿ ಏನ್ರಿ? ಉಗುರು ಕಿತ್ತು ಬರಾಕತ್ತಾವ. ನೀವ ಸುಲೀರಿ!”

ಸುಲಿದೆ. ಬೆರಳ ತುದಿ ಉರಿಯಿತು.

ಶಿವರಾಜಪ್ಪ ಮೆಲ್ಲಗೆ ಅಂದರು, “ಆಳ ಬರಲಿಲ್ಲಂದ್ರ ನಾ ಹ್ಯಾಂಗ ಬಿತ್ತಲ್ರಿ?”

ರೈತರು ಒಲ್ಲೆ ಎಂದರೆ ತಳಿಯನ್ನೇ ಕೈಬಿಡಿ ಎಂದರು ಮೇಲಧಿಕಾರಿಗಳು. 

ಬೂಸ್ಟು ತಡೆಯುವುದು ಸಿಪ್ಪೆಯ ಬಿಗಿತ, ಸುಲಿಯುವವರನ್ನು ಕಾಡುವುದು ಅದರ ದಪ್ಪ. ಎರಡನ್ನೂ ಬೇರ್ಪಡಿಸಬಹುದೆಂಬ ಹಟ ಹಿಡಿದು ತೆಳು ಸಿಪ್ಪೆಯ ತಳಿಯೊಂದಿಗೆ ಕ್ರಾಸ್ ಮಾಡಿದೆ. ಅಂದಿನಿಂದ ಪರೀಕ್ಷೆಗಳು ಎರಡಾದವು: ಮೊದಲು ನನ್ನ ಸೂಜಿ, ಆಮೇಲೆ ಭೀಮಬಾಯಿಯ ಬೆರಳು. ಅವರು “ನಡೀತದ” ಎಂದ ತೆನೆ ಮಾತ್ರ ಉಳಿಯುತ್ತಿತ್ತು. ನನ್ನ ಮುದ್ದಿನ ತೆನೆಗಳನ್ನು ಫೇಲು ಮಾಡುವಾಗ ಅವರಿಗೆ ಖುಷಿಯೋ ಖುಷಿ.

ಕೊನೆಯ ಪ್ರಯೋಗದ ವರ್ಷ ಕಾಳು ಕಟ್ಟುವಾಗ ಸುಡುಬಿಸಿಲು, ಕೊಯ್ಲಿಗೆ ಜಿಟಿಜಿಟಿ ಮಳೆ. ಬೂಸ್ಟಿಗೆ ಹಬ್ಬ. ಪಕ್ಕದ ಹೊಲದ ತೆನೆಗಳ ತುದಿ ಹಸಿರಾಯಿತು. ನಮ್ಮ ತೆನೆ ಸುಲಿದರೆ ಕಾಳು ಬಂಗಾರದಂತೆ ಹೊಳೆಯುತ್ತಿತ್ತು. ವಿಷ ಅಪಾಯದ ಮಿತಿಗಿಂತ ಬಹಳ ಕೆಳಗಿದೆ ಎಂದು ಲ್ಯಾಬಿನಿಂದಲೂ ವರದಿ ಬಂತು. ನಾನು ಬದುವಿನ ಮೇಲೆ ನಾಚಿಕೆ ಬಿಟ್ಟು ಕುಣಿದೆ. ಶಿವರಾಜಪ್ಪ ಮುಂದಿನ ವರ್ಷ ಇಡೀ ಹೊಲಕ್ಕೆ ಇದನ್ನೇ ಬಿತ್ತುವುದಾಗಿ ಎಲ್ಲರೆದುರು ಹೇಳಿದರು.

ಹೊರಡುವಾಗ ಭೀಮಬಾಯಿ ನಾಲ್ಕೈದು ತೆನೆಗಳನ್ನು ಸಿಪ್ಪೆ ಸಮೇತ ಸೆರಗಿಗೆ ಕಟ್ಟಿಕೊಂಡರು.

“ಸುಲಿಯೋದಿಲ್ಲೇನ್ರಿ?” ಎಂದು ಕೆಣಕಿದೆ.

“ಇವು ಸುಲಿಯಾಕಲ್ರಿ ಸಾಬ್. ನಮ್ಮ ಹೊಲಕ್ಕ, ಬೀಜಕ್ಕ.”

ಆಮೇಲೆ ನಿವೃತ್ತಿಯವರೆಗೂ, ಸುಲಿಯುವವರ ಕೈಗೆ ಕೊಡದೆ ನಾನು ಯಾವ ತಳಿಯನ್ನೂ ಪಾಸು ಮಾಡಲಿಲ್ಲ.