ಪಾಲಿಶ್ ಅಡಿಯ ಹಳದಿ

ಸಂಜೆ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ನೋಡಿದರೆ, ಜಮಖಂಡಿಯ ನಮ್ಮ ಹೊಸ ಮನೆಯ ಪ್ರತಿಯೊಂದು ಒಳಬಾಗಿಲಿನಲ್ಲೂ ಒಂದೊಂದು ಹಳದಿ ಕಲೆ! ಉಗುರಿನಿಂದ ಕೆರೆದೆ. ಹೋಗಲಿಲ್ಲ. ಕಲೆ ಪಾಲಿಶ್‌ನ ಅಡಿಯಲ್ಲಿತ್ತು.

ಸಾಗುವಾನಿ ಮರದ ನಾರು ಕಾಣಲೆಂದು, ಬಣ್ಣ ಬೇಡವೆಂದು, ತಿಳಿ ಪಾಲಿಶ್ ಆರಿಸಿದವನು ನಾನೇ. ಪಾಲಿಶ್ ಮಾಡುವ ಮೌಲಾಸಾಬರು ಅಗ್ಗದ ಸಾಮಾನು ಬೆರೆಸುತ್ತಾರೆಂಬ ಶಂಕೆ ನನಗೆ ಮೊದಲಿನಿಂದಲೂ ಇತ್ತು. ಅವರ ಡಬ್ಬಿಯನ್ನು ಮೂಸಿ, "ಇದರಲ್ಲಿ ಏನು ಬೆರೆಸಿದ್ದೀರಿ?" ಎಂದು ಕೇಳಿದೆ.

"ನನ್ನ ಡಬ್ಬಿ ಯಾಕ ಮೂಸತೀರಿ ಸರ? ನಿಮ್ಮ ಅವ್ವಾರ ಕೈ ಮೂಸಿ ನೋಡ್ರಿ" ಎಂದು ಅವರು ನಕ್ಕರು.

ಅವ್ವ ಹಿಂಜರಿಯಲಿಲ್ಲ. ನಮ್ಮ ಮನೆದೇವರು ಬೀರಪ್ಪನ ಭಂಡಾರವನ್ನು, ಅಂದರೆ ಗುಡಿಯಿಂದ ತಂದ ಅರಿಶಿನಪುಡಿಯನ್ನು, ಬರಿಯ ಮರಕ್ಕೆ ಹಚ್ಚಿದವಳು ಅವಳೇ.

"ಮ್ಯಾಲ ಹಚ್ಚಿದ್ರ, ನಿಮ್ಮ ಕಾಲೇಜಿನ ಮಂದಿ ಬರ್ತಾರಂದ ಕೂಡ್ಲೆ ನಾಚಿ ಒರಸಿಬಿಡ್ತಿ. ಅದಕ್ಕ ಇವರು ಪಾಲಿಶ್ ಮಾಡೂಕಿಂತ ಮೊದಲ ಹಚ್ಚೇನಿ. ಈಗ ಒರಸು, ನೋಡೂಣು!"

ಕಲೆ ಮುಚ್ಚುವಂತೆ ಗಾಢವಾದ ಬಣ್ಣ ಬಳಿಯಬಹುದೇ ಎಂದು ಮೌಲಾಸಾಬರನ್ನು ಕೇಳಲು ಬಾಯಿ ತೆರೆದೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಎರಡನೆಯ ಸಲ ಬಳಿಯುವಾಗಲೂ ಇದೇ ತಿಳಿ ಪಾಲಿಶ್ ಇರಲಿ" ಎಂದೆ.

ಅಂದು ನಾನು ಮೌಲಾಸಾಬರನ್ನು ಶಂಕಿಸಿದ್ದೆ, ಅವ್ವ ನನ್ನನ್ನು ಶಂಕಿಸಿದ್ದಳು. ನನ್ನ ಶಂಕೆ ಸುಳ್ಳಾಯಿತು. ಅವಳದೂ ಸುಳ್ಳೆಂದು ಇಂದಿಗೂ ಧೈರ್ಯವಾಗಿ ಹೇಳಲಾರೆ.