ಶಾಮಿಯಾನದಂಗಡಿಯ ಪುಟ್ಟ ಡೇರೆ

ರಾಷ್ಟ್ರೀಯ ಉದ್ಯಾನದೊಳಗಿನ ಕೆರೆ ದಂಡೆಯಲ್ಲಿ ಎರಡು ದಿನ ತಂಗಲು ನಾನೂ ಅಮ್ಮನೂ ಹೊರಟಿದ್ದೇವೆ. ಫೋನ್ ಸಿಗದ ಜಾಗ; ಡೇರೆಯನ್ನು ನಾವೇ ಒಯ್ಯಬೇಕು. ಗೋವಿಂದರಾಜನಗರದ ಶಾಮಿಯಾನದಂಗಡಿಯಲ್ಲಿ ಈಗ ಅದೂ ಬಾಡಿಗೆಗೆ ಸಿಗುತ್ತದೆ.

ಅಂಗಡಿಯವರು ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದರು: “ಎಷ್ಟು ಜನ ಬರ್ತಾರೆ ಸಾರ್?”

“ಯಾರೂ ಬರಲ್ಲಪ್ಪ. ಅದಕ್ಕೇ ಹೋಗ್ತಾ ಇರೋದು,” ಎಂದಳು ಅಮ್ಮ.

ಆಗ ಅವರಿಗೆ ಗುರುತು ಹತ್ತಿತು. ಅಪ್ಪ ತೀರಿಕೊಂಡಾಗ ನಮ್ಮ ಮನೆ ಮುಂದೆ ಶಾಮಿಯಾನ ಹಾಕಿದ್ದವರು ಅವರೇ. ತಿಥಿ ಮುಗಿಯುವವರೆಗೂ ಅದರಡಿ ಜನವೋ ಜನ. ಅಮ್ಮನನ್ನು ಒಬ್ಬಳೇ ಕೂತು ಅಳಲೂ ಬಿಡಲಿಲ್ಲ. ಸಾವಿನ ಮನೆಯಲ್ಲಿ ‘ಬರ್ತೀನಿ’ ಎನ್ನಬಾರದೆಂದು, ಅವತ್ತು ಇವರು ಕಂಬ ಕಿತ್ತುಕೊಂಡು ಮಾತಿಲ್ಲದೆ ಹೊರಟುಹೋಗಿದ್ದರು.

ಇವತ್ತು ಡೇರೆಯ ಚೀಲವನ್ನು ಅಮ್ಮನ ಕೈಗೇ ಕೊಟ್ಟು ರಸ್ತೆಯವರೆಗೂ ಬಂದರು.

“ಹೋಗ್ಬನ್ನಿ ಅಮ್ಮ. ವಾಪಸ್ ಕೊಡೋಕೆ ಅರ್ಜೆಂಟೇನಿಲ್ಲ.”