ಹೆಂಡತಿಗೆ ಶೇಕಡಾ ನಾಲ್ಕು

ಹವಾಮಾನ ಕಚೇರಿಯಲ್ಲಿ ಅವನಿಗೆ ‘ಅಲ್ಲಲ್ಲಿ’ ಎಂದೇ ಅಡ್ಡಹೆಸರು. ಹದಿನಾರು ವರ್ಷದಿಂದ ‘ಅಲ್ಲಲ್ಲಿ ಮಳೆಯಾಗುವ ಸಾಧ್ಯತೆ’ ಎಂದು ಬರೆದೂ ಬರೆದೂ, ಕಾಫಿಗೆ ಸಕ್ಕರೆ ಹಾಕಲೇ ಎಂದು ಕೇಳಿದರೂ ನೆಟ್ಟಗೆ ಹೂಂ ಉಹೂಂ ಎನ್ನದ ಆಸಾಮಿಯಾಗಿದ್ದ. ಲೆಕ್ಕದಲ್ಲಿ ಮಾತ್ರ ಹುಲಿ, ಅದರಲ್ಲಿ ಎರಡು ಮಾತಿಲ್ಲ. ಮೋಡಕ್ಕೆ ಹಾಕುವ ಲೆಕ್ಕವನ್ನೇ ಷೇರಿನ ಬೆಲೆಗೆ ಹಾಕಿದರೆ ಬ್ಯಾಂಕಿನವರು ಕರೆದು ಕೂರಿಸಿಕೊಳ್ಳುತ್ತಾರೆ ಎಂದು ಯಾರೋ ಪುಣ್ಯಾತ್ಮರು ಅವನ ಕಿವಿಗೆ ಹಾಕಿದರು. ಅಲ್ಲಿಗೆ ಶುರುವಾಯಿತು ನೋಡಿ.

ಮತ್ತೆ ಓದಬೇಕು, ಸರಿ. ಯಾವುದನ್ನು? ಗಣಿತವೇ ತುಂಬಿರುವ ಕ್ವಾಂಟಿಟೇಟಿವ್ ಫೈನಾನ್ಸ್ ಎಂಎಸ್ಸಿಯೋ, ಟೈ ಕಟ್ಟಿಕೊಂಡು ಮಾತಾಡಲು ಕಲಿಸುವ ಫೈನಾನ್ಸ್ ಎಂಬಿಎಯೋ? ಬೇರೆಯವರಾದರೆ ಒಂದು ವಾರ ತಲೆ ಕೆರೆದುಕೊಂಡು ಯಾವುದೋ ಒಂದಕ್ಕೆ ಸೇರುತ್ತಿದ್ದರು. ಇವನು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದ. ಶುಲ್ಕ, ಹಾಸ್ಟೆಲ್ಲು, ಕ್ಯಾಂಟೀನು ಎಂದು ಇಪ್ಪತ್ತೇಳು ಸಾಲು, ಒಂದೊಂದು ಸಾಲಿಗೂ ಇಷ್ಟು ಪರ್ಸೆಂಟು ಬೆಲೆ, ಎಲ್ಲ ಕೂಡಿದರೆ ಕರಾರುವಾಕ್ಕಾಗಿ ನೂರು. ಪ್ರತಿ ಸಾಲಿನಲ್ಲೂ ಎರಡೂ ಕೋರ್ಸಿಗೆ ಹತ್ತಕ್ಕೆ ಇಷ್ಟೆಂದು ಅಂಕ, ಒಟ್ಟಿನಲ್ಲಿ ಯಾವ ಕೋರ್ಸಿಗೆ ಹೆಚ್ಚು ಅಂಕವೋ ಅದಕ್ಕೆ ಸೇರುವುದು ಎಂದು ತೀರ್ಮಾನ. ಆದರೆ ಒಂದು ಭಾನುವಾರ ಎಂಎಸ್ಸಿ ಮುಂದೆ ಹೋದರೆ ಇನ್ನೊಂದು ಭಾನುವಾರ ಎಂಬಿಎ ಮುಂದೆ. ಪಟ್ಟಿಯ ಕೆಲಸದಲ್ಲೇ ಮೂರು ವರ್ಷ ಕಳೆದವು ಸ್ವಾಮಿ!

ಈ ವರ್ಷ ಅದೃಷ್ಟ ಖುಲಾಯಿಸಿ ಒಂದೇ ವಿಶ್ವವಿದ್ಯಾಲಯದ ಎರಡೂ ಕೋರ್ಸಿನಲ್ಲಿ ಸೀಟು ಸಿಕ್ಕಿತು. ಶುಕ್ರವಾರ ಸಂಜೆ ಐದರೊಳಗೆ ಅವರ ವೆಬ್‌ಸೈಟಿನಲ್ಲಿ ಬಟನ್ನು ಒತ್ತಿ ಒಂದನ್ನು ಖಚಿತಪಡಿಸಬೇಕು, ತಪ್ಪಿದರೆ ಎರಡೂ ಹೋದವು. ನಲವತ್ತು ತುಂಬಿದವರನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ, ಇವನಿಗೆ ಇನ್ನೆರಡು ತಿಂಗಳಿಗೆ ನಲವತ್ತು. ಅಂದರೆ ಇದೇ ಕೊನೆಯ ಅವಕಾಶ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಕೂತ. ನಾಲ್ಕೂ ಮುಕ್ಕಾಲಿಗೆ ಹೆಂಡತಿ ಬಂದಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಬ್ಯಾಗು ಇಳಿಸಿ, ಗಂಡನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಮೂರು ವರ್ಷದಲ್ಲಿ ಆ ಪಟ್ಟಿಯನ್ನು ಅವಳು ಓದಿದ್ದು ಅದೇ ಮೊದಲು. ಇಪ್ಪತ್ತಮೂರನೇ ಸಾಲಿಗೆ ಬಂದವಳು ಅಲ್ಲೇ ನಿಂತಳು.

“ಹೆಂಡತಿಯ ಅಭಿಪ್ರಾಯ, ನಾಲ್ಕು ಪರ್ಸೆಂಟಾ? ಕ್ಯಾಂಟೀನಿಗೆ ಆರು!”

“ಎರಡು ವರ್ಷ ಅಲ್ಲೇ ಊಟ ಮಾಡ್ಬೇಕಲ್ವೇನೆ...”

“ಆ ಎರಡು ವರ್ಷ ಮನೆ ನಡೆಸೋಳು ನಾನು ಕಣ್ರೀ! ಹೋಗ್ಲಿ, ನನ್ನ ಸಾಲಿನಲ್ಲಿ ಎಂಎಸ್ಸಿಗೆ ಹತ್ತಕ್ಕೆ ಮೂರು, ಎಂಬಿಎಗೆ ಎಂಟು ಅಂತ ಇದೆಯಲ್ಲ, ಇದನ್ನ ಯಾರು ಕೊಟ್ಟಿದ್ದು?”

“ನಾನೇ. ಅಂದಾಜಿನ ಮೇಲೆ.”

“ನಮ್ಮ ಲ್ಯಾಬಲ್ಲಿ ರಕ್ತ ತೆಗೀದೇ ರಿಪೋರ್ಟ್ ಬರೆದ್ರೆ ಮಾರನೇ ದಿನವೇ ಮನೆಗೆ ಕಳಿಸ್ತಾರೆ. ಎದುರಿಗೇ ಇರೋಳನ್ನ ಒಂದ್ಸಲ ಬಾಯಿಬಿಟ್ಟು ಕೇಳೋಕೆ ಏನಾಗಿತ್ತು ನಿಮಗೆ?”

ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. “ತಪ್ಪಾಯ್ತು. ಈಗ ಕೇಳ್ತಿದೀನಿ, ಹೇಳೆ.”

“ಎಂಎಸ್ಸಿ. ಹತ್ತಕ್ಕೆ ಹತ್ತು. ಲೆಕ್ಕ ಅಂದ್ರೆ ನಿಮ್ಮ ಮುಖಾನೇ ಬೇರೆ ಆಗತ್ತೆ. ಟೈ ಕಟ್ಕೊಂಡು ಹಲ್ಲು ಕಿರಿಯೋದು ನಿಮ್ಮ ಕೈಲಾಗೋ ಕೆಲಸ ಅಲ್ಲ. ನನ್ನ ಸಂಬಳದಲ್ಲಿ ಎರಡು ವರ್ಷ ತಳ್ಳಬಹುದು, ನಾನು ಯಾವತ್ತೋ ಯೋಚನೆ ಮಾಡಿಟ್ಟಿದೀನಿ. ಹತ್ತು ನಿಮಿಷ ಇದೆ, ಒತ್ತಿ ಆ ಬಟನ್ನು.” ಹಾಗೆಂದು ಕೈಕಾಲು ತೊಳೆಯಲು ಒಳಗೆ ಹೋದಳು.

ಮೂರು ವರ್ಷದಲ್ಲಿ ಅವನ ಮನಸ್ಸು ಅಷ್ಟು ಹಗುರಾಗಿದ್ದೇ ಇಲ್ಲ. ಎಂಎಸ್ಸಿಯೇ, ಅನುಮಾನವೇ ಬೇಡ! ಬಟನ್ನಿನ ಕಡೆಗೆ ಕೈ ಹೋಯಿತು. ಆದರೆ ಪಟ್ಟಿಯಲ್ಲಿ ಅವಳ ಅಂಕ ಇನ್ನೂ ಮೂರು ಎಂದೇ ಇತ್ತಲ್ಲ, ತಪ್ಪು ಅಂಕಿ ಬಿಟ್ಟು ಏಳುವುದುಂಟೇ? ಹತ್ತು ಮಾಡಿದ. ಆಮೇಲೆ ಆ ನಾಲ್ಕು ಪರ್ಸೆಂಟು ಕಣ್ಣು ಚುಚ್ಚಿತು. ಧಾರಾಳವಾಗಿ ಇಪ್ಪತ್ತೈದು ಮಾಡಿದ. ಒಟ್ಟು ನೂರ ಇಪ್ಪತ್ತೊಂದಾಯಿತು. ನೂರಾಗಬೇಕಲ್ಲ? ಕ್ಯಾಂಟೀನಿನಿಂದ ಐದು ಕಿತ್ತ, ಹಾಸ್ಟೆಲ್ಲಿನಿಂದ ಎರಡು, ಗ್ರಂಥಾಲಯದಿಂದ ಒಂದೂವರೆ, ಹೀಗೆ ಒಂದೊಂದೇ ಸಾಲಿನಿಂದ ಚೂರುಪಾರು ಕೆರೆದು ಕೆರೆದು ನೂರಕ್ಕೆ ತಂದ. ಎಂಎಸ್ಸಿ ಭಾರಿ ಅಂತರದಲ್ಲಿ ಗೆದ್ದಿತ್ತು. ಖುಷಿಯಿಂದ ವಿಶ್ವವಿದ್ಯಾಲಯದ ಪುಟಕ್ಕೆ ವಾಪಸು ಬಂದ. ಬಟನ್ನು ಬೂದು ಬಣ್ಣಕ್ಕೆ ತಿರುಗಿತ್ತು. ಅವಧಿ ಮುಗಿದಿದೆ ಎಂದಿತ್ತು. ಗಂಟೆ ಐದು ದಾಟಿ ನಾಲ್ಕು ನಿಮಿಷವಾಗಿತ್ತು.

ಹೆಂಡತಿ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ಒತ್ತಿದ್ರಾ?”

ಅವನು ಆ ಪುಟವನ್ನು ಮುಚ್ಚಿ, ಪಟ್ಟಿಯನ್ನು ಅವಳ ಕಡೆ ತಿರುಗಿಸಿದ.

“ನೋಡೇ, ನಿನಗೆ ಇಪ್ಪತ್ತೈದು ಕೊಟ್ಟಿದೀನಿ. ಎಲ್ಲಕ್ಕಿಂತ ಜಾಸ್ತಿ ನಿಂದೇ.”